ಕಡಲು ಸೇರುವ ನೀರು ದಂಡವಲ್ಲ

ಮಳೆಗಾಲ ಬಂತೆಂದರೆ ಹೈದರಾಬಾದಿನ ತೆಲುಗು ಪತ್ರಿಕೆಗಳಲ್ಲಿ, ಟೀವಿ ಚರ್ಚೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಸುತ್ತದೆ: ಗೋದಾವರಿಯ ಇಷ್ಟು ಟಿಎಂಸಿ ಅಡಿ ನೀರು ವೃಥಾ ಸಮುದ್ರದ ಪಾಲಾಯಿತು. ಆಫೀಸಿನ ಊಟದ ಮೇಜಿನಲ್ಲೂ ಈ ಮಾತು ಬರುತ್ತದೆ. ಕರ್ನಾಟಕದವರಿಗೆ ಇದೇನೂ ಹೊಸದಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳ ಬಗ್ಗೆ ನಾವೂ ದಶಕಗಳಿಂದ ಇದನ್ನೇ ಹೇಳುತ್ತ ಬಂದಿದ್ದೇವೆ. ಘಟ್ಟ ಇಳಿದ ನೀರು ಸಮುದ್ರಕ್ಕೆ ಹೋಗಿ ಪೋಲಾಗುತ್ತದೆ, ಅದನ್ನು ತಡೆದು ಬಯಲುಸೀಮೆಗೆ ತಿರುಗಿಸಿದರೆ ಎಷ್ಟು ಎಕರೆ ಹಸಿರಾಗುತ್ತದೆ ಎನ್ನುವ ಲೆಕ್ಕ.

ಮಲ್ಕಾಜ್‌ಗಿರಿಯಲ್ಲಿ ಬದುಕುವ ನಾನು ಈ ಲೆಕ್ಕವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಈ ಮಹಾನಗರ ಕುಡಿಯುವುದೇ ಕೃಷ್ಣಾ, ಗೋದಾವರಿ, ಮಂಜೀರಾ ನದಿಗಳ ನೀರನ್ನು. ನೂರಾರು ಕಿಲೋಮೀಟರು ದೂರದಿಂದ ಪೈಪಿನಲ್ಲಿ ಬರುವ ನೀರು ಅದು. ನಲ್ಲಿಯಲ್ಲಿ ನೀರು ಬಾರದ ದಿನ ಟ್ಯಾಂಕರಿನವನಿಗೆ ಫೋನು ಮಾಡುವವರಲ್ಲಿ ನಾನೂ ಒಬ್ಬ. ನದಿಯಿಂದ ಯಾರೂ ಹನಿ ನೀರನ್ನೂ ತೆಗೆಯಬಾರದು ಎಂದು ಹೇಳುವ ಹಕ್ಕು ನನಗಿಲ್ಲ. ನನ್ನ ತಕರಾರು ಇರುವುದು 'ವೃಥಾ' ಎಂಬ ಒಂದೇ ಪದದ ಬಗ್ಗೆ.

ನನ್ನೂರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಒಂದು ಪಕ್ಕ ಬಂಡೆಗಳ ಕಡಲತಡಿ, ಇನ್ನೊಂದು ಪಕ್ಕ ಕೆಸರು, ಕಾಂಡ್ಲ ಗಿಡ, ಗಜನಿ ಗದ್ದೆ. ನಡುವೆ ಅಳಿವೆ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ದಿನವೂ ಕೂಡುವ, ಅಗಲುವ ಜಾಗ. ಅಲ್ಲಿ ಆ ನೀರನ್ನು ಬಳಸಿಕೊಳ್ಳುವವರು ಯಾರು ಎಂದು ಕೇಳಿದರೆ ಮೊದಲು ಹೇಳಬೇಕಾದದ್ದು ಬೆನ್ನುಮೂಳೆಯಿಲ್ಲದ ಜೀವಿಗಳ ಹೆಸರನ್ನು: ಬಳಚು, ಕಲ್ವ, ನೀಲಿಕಲ್ಲು, ಶೆಟ್ಲಿ, ಏಡಿ, ಬಸವನಹುಳು. ಯಾವ ಯೋಜನಾ ವರದಿಯ ಫಲಾನುಭವಿಗಳ ಪಟ್ಟಿಯಲ್ಲೂ ಇವು ಇರುವುದಿಲ್ಲ.

ಬಂಡೆಯ ಮೇಲಿನ ಮಹಡಿಗಳು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಅದರ ಸಮಯ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಆಗಲೂ ಆ ಏರಿಳಿತ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಕಾಣುವ ಭಾರೀ ಭರತದ ಎದುರು ಇದು ಏನೂ ಅಲ್ಲ. ಆದರೆ ಈ ಒಂದು ಆಳೆತ್ತರದ ಪಟ್ಟಿಯಲ್ಲೇ ಒಂದು ಬಹುಮಹಡಿ ಕಟ್ಟಡದಷ್ಟು ಜನವಸತಿ ಇದೆ.

ಗೋಕರ್ಣದ ಓಂ ಬೀಚಿನಲ್ಲೋ ಕುಮಟಾದ ಹೆಡ್ ಬಂದರಿನಲ್ಲೋ ನೀರು ಇಳಿದಾಗ ಒಂದು ದೊಡ್ಡ ಬಂಡೆಯ ಮುಂದೆ ನಿಂತು ಮೇಲಿನಿಂದ ಕೆಳಕ್ಕೆ ನೋಡಿ. ಎಲ್ಲಕ್ಕಿಂತ ಮೇಲೆ, ಅಲೆಯ ತುಂತುರು ಮಾತ್ರ ತಾಗುವ ಕಡೆ, ಸಾಸಿವೆಗಿಂತ ತುಸು ದೊಡ್ಡ ಕಪ್ಪು ಬಸವನಹುಳುಗಳು ಬಿರುಕುಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಮೇ ತಿಂಗಳ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಬಂಡೆ ಕಾಯುತ್ತದೆ. ಆಗ ಇವು ಚಿಪ್ಪಿನ ಬಾಯಿ ಮುಚ್ಚಿ, ಒಂದಿಷ್ಟು ಲೋಳೆಯನ್ನೇ ಅಂಟಾಗಿ ಮಾಡಿಕೊಂಡು ಕಲ್ಲಿಗೆ ನೇತುಬೀಳುತ್ತವೆ. ಕಾದ ಕಲ್ಲಿಗೆ ಮೈ ತಾಗುವುದು ಆದಷ್ಟು ಕಡಿಮೆಯಾಗಲಿ ಎಂಬ ಉಪಾಯ ಅದು.

ಅದರ ಕೆಳಗಿನ ಮಹಡಿಯಲ್ಲಿ ಬಾರ್ನಕಲ್‌ಗಳು. ಕಲ್ಲಿಗೆ ಸಿಮೆಂಟು ಹಾಕಿ ಕೂರಿಸಿದ ಪುಟ್ಟ ಜ್ವಾಲಾಮುಖಿಗಳ ಹಾಗೆ ಕಾಣುವ, ಕಾಲು ತರಚುವ ಬಿಳಿ ಚಿಪ್ಪುಗಳು. ನೋಡಿದರೆ ಬಳಚಿನ ನೆಂಟರು ಅನ್ನಿಸುತ್ತದೆ. ನಿಜವಾಗಿ ಇವು ಏಡಿ, ಸಿಗಡಿಯ ಕುಲದವು. 1830ರ ಹೊತ್ತಿಗೆ ಜಾನ್ ವಾನ್ ಥಾಂಪ್ಸನ್ ಎಂಬ ಸೇನಾ ವೈದ್ಯರು ಇವುಗಳ ಮರಿಗಳು ನೀರಲ್ಲಿ ಈಜುವ ಸಿಗಡಿ ಮರಿಗಳಂತೆಯೇ ಇರುತ್ತವೆ ಎಂದು ತೋರಿಸುವವರೆಗೆ ವಿಜ್ಞಾನಿಗಳೂ ಇವನ್ನು ಚಿಪ್ಪಿನ ಜಾತಿಗೇ ಸೇರಿಸಿದ್ದರು. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ, ಅಂದರೆ ಎಂಟು ವರ್ಷ, ಬಾರ್ನಕಲ್‌ಗಳ ಅಧ್ಯಯನದಲ್ಲೇ ಕಳೆದರು. ವಿಕಾಸವಾದದ ಪುಸ್ತಕ ಬಂದದ್ದು ಅದಾದ ಮೇಲೆ. ಮರಿಯಾಗಿದ್ದಾಗ ಊರೂರು ಅಲೆಯುವ ಬಾರ್ನಕಲ್ ಒಮ್ಮೆ ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡಿತೆಂದರೆ ಮುಗಿಯಿತು, ಜೀವಮಾನವಿಡೀ ಅಲ್ಲೇ. ನೀರು ಬಂದಾಗ ಬಾಗಿಲು ತೆರೆದು ಗರಿಯಂಥ ಕಾಲುಗಳನ್ನು ಹೊರಚಾಚಿ ಆಹಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಇಳಿದಾಗ ಬಾಗಿಲು ಹಾಕಿ ಒಳಗಿನ ಹನಿ ನೀರನ್ನು ಕಾಪಾಡಿಕೊಳ್ಳುತ್ತದೆ.

ಇನ್ನೂ ಕೆಳಗೆ ಕಲ್ವ, ಅಂದರೆ ಬಂಡೆಗೆ ಕಚ್ಚಿಕೊಂಡ ಸಿಂಪಿ. ಅದಕ್ಕೂ ಕೆಳಗೆ, ಅಲೆ ಜೋರಾಗಿ ಹೊಡೆಯುವಲ್ಲಿ, ನೀಲಿಕಲ್ಲು. ಅದು ತನ್ನದೇ ನೂಲು ನೂತು ಆ ಹುರಿಗಳಿಂದ ಬಂಡೆಗೆ ಕಟ್ಟಿಕೊಂಡು ನಿಲ್ಲುತ್ತದೆ. ಬಂಡೆಯ ಕುಳಿಗಳಲ್ಲಿ ನಿಂತ ನೀರಿನಲ್ಲಿ ಮುಳ್ಳುಚೆಂಡಿನಂಥ ಸೀ ಅರ್ಚಿನ್, ಹೂವಿನಂತೆ ಅರಳಿ ಬೆರಳು ತಾಗಿದರೆ ಮುದುಡುವ ಸೀ ಅನಿಮೋನ್, ಸತ್ತ ಶಂಖದೊಳಗೆ ಬಾಡಿಗೆಗಿರುವ ಸನ್ಯಾಸಿ ಏಡಿ.

ಈ ಮಹಡಿಗಳ ಹಂಚಿಕೆ ಹೇಗೆ ಆಗುತ್ತದೆ? 1961ರಲ್ಲಿ ಜೋಸೆಫ್ ಕೊನ್ನೆಲ್ ಎಂಬ ಅಮೆರಿಕದ ವಿಜ್ಞಾನಿ ಸ್ಕಾಟ್ಲೆಂಡಿನ ಒಂದು ದಡದಲ್ಲಿ ಎರಡು ಜಾತಿಯ ಬಾರ್ನಕಲ್‌ಗಳನ್ನು ಎತ್ತಿ, ಕೆರೆದು, ಕಾದು ನೋಡಿ ಬರೆದ ಉತ್ತರ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ. ಮೇಲಿನ ಗಡಿಯನ್ನು ಬಿಸಿಲು, ಒಣಗು ತೀರ್ಮಾನಿಸುತ್ತವೆ. ಕೆಳಗಿನ ಗಡಿಯನ್ನು ನೆರೆಹೊರೆ ತೀರ್ಮಾನಿಸುತ್ತದೆ. ಕೆಳಗೆ ಹೋದಷ್ಟೂ ಬದುಕು ಸುಲಭ, ಆದ್ದರಿಂದ ಅಲ್ಲಿ ಜಾಗಕ್ಕೆ ಗುದ್ದಾಟ, ತಿನ್ನುವವರ ಕಾಟ. ಬಾರ್ನಕಲ್ಲಿನ, ಸಿಂಪಿಯ ಚಿಪ್ಪಿಗೆ ತೂತು ಕೊರೆದು ಒಳಗಿನ ಮಾಂಸ ಹೀರುವ ಬಸವನಹುಳುಗಳು ಅಲ್ಲೇ ಕಾದಿರುತ್ತವೆ. ಹೀಗೆ ಪ್ರತಿಯೊಂದು ಜೀವಿಗೂ ತಾನು ತಾಳಬಲ್ಲ ಕಷ್ಟ ಎಷ್ಟೋ ಅಷ್ಟೇ ಅಗಲದ ಒಂದು ಪಟ್ಟಿ ಸಿಗುತ್ತದೆ. ಭರತದ ವೇಳಾಪಟ್ಟಿಯೇ ಅದರ ಬಾಡಿಗೆ ಕರಾರು.

ಮಲ್ಕಾಜ್‌ಗಿರಿಯ ಪಕ್ಕದಲ್ಲೇ ಮೌಲಾಲಿ ಗುಡ್ಡವಿದೆ. ಭಾರೀ ಗ್ರಾನೈಟು. ಆ ಬಂಡೆಯನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು, ಕಲ್ಲು ಅಲ್ಲೂ ಇಲ್ಲೂ ಕಲ್ಲೇ. ಅದರ ಅಂಗೈಯಗಲದ ಜಾಗದಲ್ಲಿ ನೂರು ಜೀವ ಕೂರುವಂತೆ ಮಾಡುವುದು ದಿನಕ್ಕೆರಡು ಬಾರಿ ಬಂದು ಹೋಗುವ ನೀರು.

ಕೆಸರಿನ ಕಷ್ಟ ಬೇರೆ

ಬಂಡೆಯ ಮೇಲೆ ಸಮಸ್ಯೆ ಎರಡು: ಕೊಚ್ಚಿಹೋಗಬಾರದು, ಒಣಗಬಾರದು. ಅಳಿವೆಯ ಒಳಗೆ, ಕೆಸರಿನಲ್ಲಿ, ಆ ಎರಡೂ ಭಯ ಕಡಿಮೆ. ಅಲೆಯ ಹೊಡೆತವಿಲ್ಲ, ಕೆಸರು ಸದಾ ಒದ್ದೆ. ಅಲ್ಲಿನ ಸಮಸ್ಯೆ ಉಸಿರು. ಕೈಯನ್ನು ನಾಲ್ಕು ಬೆರಳು ಆಳಕ್ಕೆ ಇಳಿಸಿದರೆ ಕಪ್ಪು ಮಣ್ಣು, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಆಮ್ಲಜನಕ ಇಲ್ಲವೆಂಬುದಕ್ಕೆ ಆ ವಾಸನೆಯೇ ಸಾಕ್ಷಿ. ಕಾಂಡ್ಲ ಗಿಡಗಳು ಬೇರನ್ನು ಪೆನ್ಸಿಲ್ಲಿನಂತೆ ಮೇಲಕ್ಕೆ ಚಾಚಿ ಉಸಿರಾಡುವುದು ಇದಕ್ಕಾಗಿಯೇ.

ಬಳಚು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಮೈಯನ್ನು ಮರಳುಗೆಸರಿನೊಳಗೆ ಹುದುಗಿಸಿಕೊಂಡು ಎರಡು ಕೊಳವೆಗಳನ್ನು ಮಾತ್ರ ಮೇಲಕ್ಕೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಹಾದುಹೋಗುವ ನೀರಿನಿಂದಲೇ ಉಸಿರು, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಯೇ ಊಟ. ಸಾವಿರ ಸಾವಿರ ಬಳಚುಗಳು ಹೀಗೆ ಸೋಸುತ್ತ ಕೂತರೆ ಅಳಿವೆಯ ನೀರು ತಿಳಿಯಾಗುತ್ತದೆ. ಹೈದರಾಬಾದಿನಲ್ಲಿ ನಾವು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಯಂತ್ರಕ್ಕೆ ವರ್ಷವರ್ಷ ಫಿಲ್ಟರ್ ಬದಲಿಸುತ್ತೇವೆ. ಅಲ್ಲಿ ಫಿಲ್ಟರೇ ಬೆಳೆದು, ಮರಿ ಹಾಕಿ, ಕೊನೆಗೆ ಸಾರಿಗೂ ಆಗುತ್ತದೆ.

ಏಡಿಗಳದ್ದು ಇನ್ನೊಂದು ದಾರಿ. ನೀರಿಳಿದ ಕೆಸರಿನ ಮೇಲೆ ಸಣ್ಣ ಏಡಿಗಳು ಬಿಲದಿಂದ ಹೊರಬಂದು ಮಣ್ಣನ್ನು ಬಾಯಿಗಿಟ್ಟು, ತಿನ್ನುವುದನ್ನು ಸೋಸಿ, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತವೆ. ಗಂಡಿಗೆ ಒಂದು ಕೊಂಡಿ ಮಾತ್ರ ಮೈಯಷ್ಟೇ ದೊಡ್ಡದು. ಅದರಿಂದ ತಿನ್ನಲಾಗದು, ಎತ್ತಿ ಎತ್ತಿ ಬೀಸಿ ಹೆಣ್ಣನ್ನು ಕರೆಯುವುದಕ್ಕೆ, ಪಕ್ಕದವನನ್ನು ಬೆದರಿಸುವುದಕ್ಕೆ ಅಷ್ಟೇ. ಕಾಂಡ್ಲವನದ ಕೆಂಪು ಏಡಿಗಳು ಉದುರಿದ ಎಲೆಗಳನ್ನು ಬಿಲಕ್ಕೆ ಎಳೆದೊಯ್ಯುತ್ತವೆ. ಇವು ತೋಡುವ ಸಾವಿರಾರು ಬಿಲಗಳ ಮೂಲಕ ಗಾಳಿಯೂ ನೀರೂ ಕೆಸರಿನ ಆಳಕ್ಕೆ ಇಳಿಯುತ್ತವೆ. ರೈತ ಹೊಲ ಉತ್ತ ಹಾಗೆ.

ಬಂಡೆಯ ಮೇಲಿನವರಿಗೂ ಕೆಸರಿನವರಿಗೂ ಸಾಮಾನ್ಯವಾದದ್ದು ಒಂದಿದೆ. ಹೆಚ್ಚಿನವುಗಳ ಮರಿಗಳು ಮೊದಲ ಕೆಲವು ದಿನ ಅಥವಾ ವಾರ ನೀರಿನಲ್ಲಿ ತೇಲಿ ಬೆಳೆಯುತ್ತವೆ. ಆಮೇಲಷ್ಟೇ ನೆಲೆ ಹಿಡಿಯುತ್ತವೆ. ಆದ್ದರಿಂದ ಬಳಚಿನ ಹಾಸಿಗೆ ಮುಂದಿನ ವರ್ಷವೂ ಇರಬೇಕಾದರೆ ಕೆಸರು ಹಾಗೇ ಇದ್ದರೆ ಸಾಲದು. ಮರಿ ತೇಲುವ ಹೊತ್ತಿಗೆ ನೀರು ಅದಕ್ಕೆ ಬೇಕಾದಷ್ಟು ಉಪ್ಪಾಗಿಯೂ ಇರಬೇಕು.

ಗಜನಿ ಎಂಬ ಜಾಣತನ

ಈ ಉಪ್ಪು ಸಿಹಿಯ ಸರದಿಯನ್ನು ನಮ್ಮ ಕಡೆಯ ರೈತರು ಬೇಸಾಯಕ್ಕೂ ಹೊಂದಿಸಿಕೊಂಡರು. ಅಳಿವೆಯ ಅಂಚಿನ ತಗ್ಗು ಭೂಮಿಯೇ ಗಜನಿ. ಜೂನಿನಲ್ಲಿ ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ, ಕೆಲವು ದಿನ ಮುಳುಗಡೆಯನ್ನೂ ತಾಳುವ ತಳಿ ಇದು. ಗೊಬ್ಬರ, ಔಷಧಿ ಕೇಳುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಂಡಿನ ತೂಬು ತೆರೆದರೆ ಭರತದ ನೀರಿನೊಂದಿಗೆ ಶೆಟ್ಲಿ, ಏಡಿ, ಮೀನು ಮರಿಗಳು ತಾವಾಗಿ ಒಳಬರುತ್ತವೆ. ಕೊಳೆತ ಹುಲ್ಲಿನ ಸುತ್ತ ಬೆಳೆಯುವ ಜೀವಾಣುಗಳೇ ಅವಕ್ಕೆ ಮೇವು. ಮರಿ ತರಬೇಕಿಲ್ಲ, ಆಹಾರ ಹಾಕಬೇಕಿಲ್ಲ. ಮಾಣಿಕಟ್ಟಾ ಕಡೆ ಇವತ್ತಿಗೂ ಕಗ್ಗ ಬೆಳೆಯುವ ರೈತರಿದ್ದಾರೆ, ಮೊದಲಿನಷ್ಟು ಇಲ್ಲ.

ಶೆಟ್ಲಿಯ ಜೀವನಚಕ್ರ ತಿಳಿದರೆ ಇದರ ಬೆಲೆ ಇನ್ನೂ ಗೊತ್ತಾಗುತ್ತದೆ. ಅದು ಮೊಟ್ಟೆಯಿಡುವುದು ಸಮುದ್ರದಲ್ಲಿ. ಮರಿಗಳು ಭರತದೊಂದಿಗೆ ಅಳಿವೆಗೆ ಬಂದು, ಕೆಸರು, ಕಾಂಡ್ಲದ ಆಸರೆಯಲ್ಲಿ ಬೆಳೆದು, ಮತ್ತೆ ಸಮುದ್ರಕ್ಕೆ ಮರಳುತ್ತವೆ. ಸಮುದ್ರದಲ್ಲಿ ಟ್ರಾಲರ್ ಹಿಡಿಯುವ ಸಿಗಡಿಯಲ್ಲೂ ಅಳಿವೆಯ ಪಾಲು ಇದೆ ಎಂದಾಯಿತು.

ಹೈದರಾಬಾದಿನಲ್ಲಿ ಸಿಗಡಿಗೆ ಬರವಿಲ್ಲ. ಭಾನುವಾರ ರಾಮ್‌ನಗರದ ಮೀನು ಮಾರುಕಟ್ಟೆಗೆ ಹೋದರೆ 'ರೊಯ್ಯಲು' ರಾಶಿ ರಾಶಿ. ಅದರಲ್ಲಿ ಬಹುಪಾಲು ಆಂಧ್ರದ ಕರಾವಳಿ ಜಿಲ್ಲೆಗಳ ಹೊಂಡಗಳಲ್ಲಿ ಬೆಳೆದ ವನ್ನಾಮಿ. ಮೂಲತಃ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯ ಜಾತಿ, ಭಾರತದಲ್ಲಿ ಅದರ ಸಾಕಣೆಗೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಅದಕ್ಕೆ ಹ್ಯಾಚರಿಯ ಮರಿ ಬೇಕು, ಚೀಲದ ಆಹಾರ ಬೇಕು, ಗಾಳಿ ಹಾಕುವ ಯಂತ್ರಕ್ಕೆ ಕರೆಂಟು ಬೇಕು. 1990ರ ದಶಕದಲ್ಲಿ ನಮ್ಮ ಗಜನಿಗಳನ್ನೂ ಸಿಗಡಿ ಹೊಂಡ ಮಾಡುವ ಹುಮ್ಮಸ್ಸು ಬಂದಿತ್ತು. ವೈಟ್ ಸ್ಪಾಟ್ ರೋಗ ದೇಶದ ಸಿಗಡಿ ಹೊಂಡಗಳನ್ನು ಬಡಿದದ್ದೂ ಅದೇ ದಶಕದಲ್ಲಿ. ಹೊಂಡದ ಸಿಗಡಿ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಮನೆಗೆ ತರುವುದು ಅದನ್ನೇ. ಆದರೆ ಹೊಂಡದಲ್ಲಿ ದುಡ್ಡು ಕೊಟ್ಟು ಮಾಡಿಸುವ ಪ್ರತಿಯೊಂದು ಕೆಲಸವನ್ನೂ ಗಜನಿಯಲ್ಲಿ ಹೊಳೆ ಮತ್ತು ಕಡಲು ಬಿಟ್ಟಿಯಾಗಿ ಮಾಡಿಕೊಡುತ್ತಿದ್ದವು. 'ವೃಥಾ' ಹೋಗುವ ನೀರು ಮಾಡುತ್ತಿದ್ದ ಕೆಲಸ ಅದು.

ಎರಡು ಹೊಳೆ, ಎರಡು ಗತಿ

ನೀರು ವ್ಯರ್ಥವೋ ಅಲ್ಲವೋ ಎಂದು ಪರೀಕ್ಷಿಸಲು ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಪ್ರಯೋಗ ತಾನಾಗಿ ನಡೆದುಹೋಗಿದೆ. ಕುಮಟಾದಿಂದ ಹೊನ್ನಾವರಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಇಲ್ಲಿ ಅಘನಾಶಿನಿಯ ಅಳಿವೆ, ಅಲ್ಲಿ ಶರಾವತಿಯದ್ದು. ಅದೇ ಕಡಲು, ಅದೇ ಭರತ, ಅದೇ ಮುಂಗಾರು.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ತದಡಿಯ ಬಳಿ ಕಡಲು ಸೇರುತ್ತದೆ. ಉದ್ದ ಸುಮಾರು 120 ಕಿಲೋಮೀಟರು. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆಗಾಲದಲ್ಲಿ ಇದರ ಅಳಿವೆ ಹೆಚ್ಚುಕಡಿಮೆ ಸಿಹಿನೀರು. ಅಕ್ಟೋಬರಿನಿಂದ ಹೊಳೆ ಸೊರಗುತ್ತದೆ, ಉಪ್ಪು ನಿಧಾನಕ್ಕೆ ಒಳಗೇರುತ್ತದೆ. ಬೇಸಿಗೆಯ ಕೊನೆಗೆ ಅಳಿವೆಯ ನೀರು ಸಮುದ್ರದಷ್ಟೇ ಉಪ್ಪಾಗುತ್ತ ಬರುತ್ತದೆ. ಬಳಚು ಹುಟ್ಟುವುದು, ಬೆಳೆಯುವುದು, ಜನ ಅದನ್ನು ಹೆಕ್ಕುವುದು ಎಲ್ಲ ಈ ಏರಿಕೆಗೆ ಹೊಂದಿಕೊಂಡಿದೆ. ಮಳೆಗಾಲದಲ್ಲಿ ಅದು ಚಿಪ್ಪು ಮುಚ್ಚಿ ಆದಷ್ಟು ದಿನ ತಾಳಿಕೊಳ್ಳುತ್ತದೆ, ಎಷ್ಟೋ ಸಾಯುತ್ತವೆ. ಉಳಿದವು ಮುಂದಿನ ಪೀಳಿಗೆಗೆ ಸಾಕಾಗುತ್ತವೆ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಕರ್ನಾಟಕದ ಮನೆ, ಕಾರ್ಖಾನೆಗಳಿಗೆ ದಶಕಗಳ ಕಾಲ ಬೆಳಕು ಕೊಟ್ಟಿತು. ಇದನ್ನು ಅಲ್ಲಗಳೆಯುವಂತಿಲ್ಲ. ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ಇನ್ನೊಂದು ಯೋಜನೆಯೂ ಸೇರಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜಲವಿದ್ಯುತ್ ಯೋಜನೆ ನೀರನ್ನು ನುಂಗುವುದಿಲ್ಲ. ಟರ್ಬೈನು ತಿರುಗಿಸಿದ ನೀರು ಹೊಳೆಗೇ ಮರಳುತ್ತದೆ. ಹಾಗಾದರೆ ಅಳಿವೆಗೆ ತೊಂದರೆ ಏನು?

ಮೊದಲು ಮಳೆಗಾಲದಲ್ಲಿ ಒಮ್ಮೆಗೇ ಬಂದು ಬೇಸಿಗೆಯಲ್ಲಿ ಬತ್ತುತ್ತಿದ್ದ ಸಿಹಿನೀರು ಈಗ ವಿದ್ಯುತ್ ಉತ್ಪಾದನೆಯ ಲೆಕ್ಕದಲ್ಲಿ ವರ್ಷವಿಡೀ ಬರುತ್ತದೆ. ಬೇಸಿಗೆಯಲ್ಲಿ ಉಪ್ಪು ಒಳಗೇರಬೇಕಾದ ಹೊತ್ತಿನಲ್ಲೂ ಸಿಹಿನೀರು ಅದನ್ನು ಹೊರಗೆ ತಳ್ಳುತ್ತಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್‌ಚಂದ್ರನ್, ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಶರಾವತಿ ಅಳಿವೆಯ ಚಿಪ್ಪುಗಳ ಮೇಲೆ ಈ ಯೋಜನೆಗಳ ಪರಿಣಾಮವನ್ನು ಅಧ್ಯಯನ ಮಾಡಿದ್ದಾರೆ. ಅವರು ಕಂಡದ್ದು ಇದೇ: ಉಪ್ಪಿನಂಶ ಕುಸಿದಿದೆ, ಹಿಂದೆ ಅಲ್ಲಿ ಹೇರಳವಾಗಿದ್ದ ತಿನ್ನುವ ಚಿಪ್ಪುಗಳ ಬಹುಪಾಲು ಕಣ್ಮರೆಯಾಗಿದೆ.

ನಾನು ಜೀವಶಾಸ್ತ್ರ ಓದಿದವನಲ್ಲ. ನನ್ನ ಕೆಲಸ ಕಂಪ್ಯೂಟರಿನಲ್ಲಿ, ಎಂ.ಟೆಕ್. ಮಾಡಿದ್ದೂ ಅದರಲ್ಲೇ. ಆದರೆ ಈ ವಿಷಯದಲ್ಲಿ ಒಬ್ಬ ಇಂಜಿನಿಯರನಿಗೆ ಕಲಿಯುವುದಿದೆ. ನಮ್ಮ ಕೆಲಸದಲ್ಲಿ ಸರಾಸರಿಯನ್ನು ನಂಬಬೇಡಿ ಎಂದು ಮೊದಲ ವರ್ಷವೇ ಹೇಳಿಕೊಡುತ್ತಾರೆ. ಒಂದು ವೆಬ್‌ಸೈಟಿಗೆ ದಿನಕ್ಕೆ ಸರಾಸರಿ ಎಷ್ಟು ಜನ ಬಂದರು ಎನ್ನುವುದು ಮುಖ್ಯವಲ್ಲ, ಹಬ್ಬದ ಸೇಲಿನ ಬೆಳಿಗ್ಗೆ ಒಂದೇ ನಿಮಿಷದಲ್ಲಿ ಎಷ್ಟು ಜನ ನುಗ್ಗಿದರು ಎನ್ನುವುದು ಮುಖ್ಯ. ಹೊಳೆಯದ್ದೂ ಹಾಗೆಯೇ. ವರ್ಷಕ್ಕೆ ಇಷ್ಟು ಟಿಎಂಸಿ ಎಂಬ ಮೊತ್ತ ಎರಡು ಹೊಳೆಗಳಿಗೂ ಒಂದೇ ಇರಬಹುದು. ಒಂದರಲ್ಲಿ ಅದು ನಾಲ್ಕು ತಿಂಗಳಲ್ಲಿ ಹರಿದು ಮುಗಿಯುತ್ತದೆ, ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗೆ ಹಂಚಿಹೋಗುತ್ತದೆ. ಮೊತ್ತ ನೋಡುವವನಿಗೆ ವ್ಯತ್ಯಾಸವಿಲ್ಲ. ಬಳಚಿಗೆ ಅದು ಬದುಕು ಸಾವಿನ ವ್ಯತ್ಯಾಸ.

ಅಂದರೆ ಅಳಿವೆಯನ್ನು ಎರಡು ರೀತಿಯಲ್ಲಿ ಕೆಡಿಸಬಹುದು. ಸಿಹಿನೀರನ್ನು ಪೂರ್ತಿ ತಡೆದರೆ ಉಪ್ಪು ತೊಳೆದುಹೋಗದು, ಕಗ್ಗ ಬೆಳೆಯದು, ಮಳೆಗಾಲದ ಹೊಳೆ ತರುವ ಸಾರ ಕಡಲಿಗೆ ತಲುಪದು. ಬೇಡದ ಹೊತ್ತಿನಲ್ಲಿ ಸಿಹಿನೀರು ಕೊಟ್ಟರೂ ಚಿಪ್ಪು ಉಳಿಯದು.

ಬುಟ್ಟಿಯಲ್ಲಿರುವ ಬದುಕು

ಇದು ಹುಳಹುಪ್ಪಟೆಯ ಚಿಂತೆ ಮಾತ್ರವಲ್ಲ. ಕುಮಟಾ ಕಡೆ ಬಳಚು, ಚಿಪ್ಪಿಕಲ್ಲು, ಕೊಂಕಣಿಯಲ್ಲಿ ತಿಸ್ರೆ, ಖುಬ್ಬೆ, ತುಳುವಿನಲ್ಲಿ ಮರುವಾಯಿ. ಇಷ್ಟು ಹೆಸರು ಬಂದಿರುವುದೇ ಇಷ್ಟು ಮನೆಗಳ ಒಲೆಗೆ ಅದು ಏರಿದ್ದರಿಂದ. ಅಘನಾಶಿನಿ ಅಳಿವೆಯ ಚಿಪ್ಪು ಸಂಗ್ರಹಣೆಯನ್ನೇ ನಂಬಿದವರು ಎರಡು ಸಾವಿರಕ್ಕೂ ಹೆಚ್ಚು ಮಂದಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2008ರಲ್ಲಿ ಲೆಕ್ಕ ಹಾಕಿತ್ತು. ಅವರಲ್ಲಿ ಹೆಂಗಸರು ಬಹಳ. ನೀರಿಳಿದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ, ಕೈಯಿಂದ ಹೆಕ್ಕಿ, ಬುಟ್ಟಿ ತುಂಬಿಸುವ ಕೆಲಸ. ದೋಣಿ ಬೇಡ, ಬಲೆ ಬೇಡ, ಬ್ಯಾಂಕಿನ ಸಾಲ ಬೇಡ. ಜಮೀನಿಲ್ಲದ ಮನೆಗೂ ಅಂದಿನ ಖರ್ಚಿಗೆ ಅಂದೇ ದುಡ್ಡು. ತಿಂದು ಉಳಿದ ಚಿಪ್ಪು ಸುಣ್ಣದ ಗೂಡಿಗೆ.

ಊರಿಗೆ ಹೋದಾಗ ನಮ್ಮ ಕೆಳಕೇರಿಯ ಅಕ್ಕ ಒಬ್ಬರನ್ನು ಮಾತಾಡಿಸುತ್ತೇನೆ. ವರ್ಷಗಳಿಂದ ಚಿಪ್ಪಿ ತೆಗೆದೇ ಮಕ್ಕಳನ್ನು ಓದಿಸಿದವರು. ನನ್ನ ಫೋನಿನಲ್ಲಿ ಭರತದ ಸಮಯ ತೋರಿಸುವ ಆ್ಯಪ್ ಇದೆ ಎಂದಾಗ ಅವರು ನಕ್ಕಿದ್ದರು. "ಚಂದ್ರನ್ನ ನೋಡಿದ್ರೆ ಸಾಕಲ್ಲ ತಮಾ, ಅದಕ್ಕೆ ಚಾರ್ಜ್ ಹಾಕೂದು ಬೇಡ." ಯಾವ ತಿಥಿಗೆ ಯಾವ ದಿಬ್ಬ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಕೊನ್ನೆಲ್ ಸ್ಕಾಟ್ಲೆಂಡಿನ ಬಂಡೆಯಲ್ಲಿ ಅಳೆದದ್ದನ್ನು ಇವರು ಕಾಲ್ಬೆರಳಿನಿಂದ ಅಳೆಯುತ್ತಾರೆ. ಆದರೆ ಚಿಪ್ಪಿ ವರ್ಷವರ್ಷಕ್ಕೆ ಸಣ್ಣದಾಗುತ್ತಿದೆ ಎಂಬ ದೂರನ್ನೂ ಅವರು ಹೇಳಿದರು. ದೊಡ್ಡದಾಗುವ ಮುಂಚೆಯೇ ತೆಗೆಯುವವರು ಜಾಸ್ತಿಯಾಗಿದ್ದಾರೆ, ಲಾರಿ ಬಾಗಿಲಿಗೇ ಬರುತ್ತದೆ, ಬಿಟ್ಟರೆ ಇನ್ನೊಬ್ಬರು ತೆಗೆಯುತ್ತಾರೆ ಎನ್ನುವ ಭಯ.

ಈ ಭಯಕ್ಕೆ ಮದ್ದು ಕಂಡುಕೊಂಡವರು ನಮ್ಮ ನೆರೆಯ ಕೇರಳದಲ್ಲೇ ಇದ್ದಾರೆ. ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಇದೇ ಜಾತಿಯ ಬಳಚು ಸಿಗುತ್ತದೆ. ವಿದೇಶದ ಬೇಡಿಕೆ ಏರಿ, ಮಿತಿಮೀರಿ ತೆಗೆದು, 1990ರ ದಶಕದಲ್ಲಿ ಅಲ್ಲಿ ಇಳುವರಿ ಕುಸಿಯಿತು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯೊಂದಿಗೆ ಮೀನುಗಾರರೇ ಕಟ್ಟುಪಾಡು ಹಾಕಿಕೊಂಡರು. ಮರಿಯಾಗುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿವರೆಗೆ ಯಾರೂ ತೆಗೆಯಬಾರದು. ಬಲೆಯ ಕಣ್ಣು ಸಣ್ಣದಿರಬಾರದು, ಸಣ್ಣ ಚಿಪ್ಪು ಜಾರಿ ಕೆಳಗೆ ಬೀಳಬೇಕು. 2014ರಲ್ಲಿ ಅಷ್ಟಮುಡಿಯ ಬಳಚು ಮೀನುಗಾರಿಕೆಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ಲಿನ ಪ್ರಮಾಣಪತ್ರ ಸಿಕ್ಕಿತು. ಆ ಮನ್ನಣೆ ಪಡೆದ ಭಾರತದ ಮೊದಲ ಮೀನುಗಾರಿಕೆ ಅದು. ಮೂರು ತಿಂಗಳು ಕೈಕಟ್ಟಿ ಕೂತದ್ದಕ್ಕೆ ಉಳಿದ ಒಂಬತ್ತು ತಿಂಗಳು ಕೈತುಂಬ ಕೆಲಸ. ಅಘನಾಶಿನಿಯಲ್ಲಿ ಇದು ಆಗದ ಮಾತೇನಲ್ಲ. ಅಲ್ಲಿ ಹೊಳೆ ಇನ್ನೂ ತನ್ನ ಸಮಯಕ್ಕೇ ಹರಿಯುತ್ತಿದೆ, ದೊಡ್ಡ ಅರ್ಧ ಕೆಲಸ ಆಗಲೇ ಆಗಿದೆ.

ಹೆಸರು ಬಂತು, ಮುಂದೆ?

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಜೊತೆಗೆ ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೂ ಸೇರಿದವು. ಅದಕ್ಕೂ ಮುಂಚೆ ನಮ್ಮ ರಾಜ್ಯದಿಂದ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಅಘನಾಶಿನಿಯಲ್ಲಿ ಗುರುತಿಸಿರುವುದು 4801 ಹೆಕ್ಟೇರು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಈ ಗೌರವಕ್ಕೆ ಕಾರಣವಾದ ಜೀವರಾಶಿಯ ಬುಡದಲ್ಲಿ ಇದೇ ಬಳಚು, ಏಡಿ, ಶೆಟ್ಲಿಗಳಿವೆ. ಚಳಿಗಾಲದಲ್ಲಿ ದೂರದಿಂದ ಬರುವ ಹಕ್ಕಿಗಳು ಕೆಸರಿಗೆ ಕೊಕ್ಕು ಹಾಕುವುದೂ ಇವಕ್ಕಾಗಿಯೇ.

ಆದರೆ ಪಟ್ಟಿಗೆ ಸೇರಿದ್ದು ಅಳಿವೆ. ಅಳಿವೆಯನ್ನು ಅಳಿವೆಯಾಗಿ ಉಳಿಸುವ ನೀರು ಬರುವುದು ಶಿರಸಿ, ಸಿದ್ದಾಪುರದ ಕಾಡಿನಿಂದ. ತದಡಿಯಲ್ಲಿ 4000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಒಮ್ಮೆ ಬಂದು, ಜನರ ವಿರೋಧದಿಂದ ಹಿಂದೆ ಸರಿಯಿತು. ಬಂದರಿನ ಮಾತು ಬಂತು. ಈಗ ಅಘನಾಶಿನಿಯ ನೀರನ್ನು ಘಟ್ಟದ ಮೇಲೆಯೇ ಹಿಡಿದು ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾವದ ಚರ್ಚೆ ನಡೆದಿದೆ. ಚಿತ್ರದುರ್ಗದ ರೈತನ ಬಾಯಾರಿಕೆ ಸುಳ್ಳಲ್ಲ. ಟ್ಯಾಂಕರಿಗೆ ಕಾಯುವ ನಗರದಲ್ಲಿ ಕೂತು ಅದನ್ನು ಹಗುರಾಗಿ ಮಾತಾಡಲು ನನಗೆ ಮನಸ್ಸು ಬಾರದು. ಆದರೆ ಒಂದು ಲೆಕ್ಕಪತ್ರದಲ್ಲಿ ಜಮೆಯ ಕಾಲಂ ಮಾತ್ರ ತುಂಬಿ ಖರ್ಚಿನ ಕಾಲಂ ಖಾಲಿ ಬಿಟ್ಟರೆ ಅದನ್ನು ಲೆಕ್ಕ ಎನ್ನುವುದಿಲ್ಲ. ಕಡಲಿಗೆ ಹೋಗುವ ನೀರನ್ನು ವ್ಯರ್ಥ ಎಂದು ಬರೆದ ಕ್ಷಣ ಖರ್ಚಿನ ಕಾಲಂ ಸೊನ್ನೆಯಾಗುತ್ತದೆ. ಬಳಚು ಹೆಕ್ಕುವವರು, ಕಗ್ಗ ಬೆಳೆಯುವವರು, ಶೆಟ್ಲಿ ಹಿಡಿಯುವವರು ಆ ಸೊನ್ನೆಯೊಳಗೆ ಸೇರಿಹೋಗುತ್ತಾರೆ.

ಆದ್ದರಿಂದ ನೀರು ತಿರುಗಿಸುವ ಯಾವ ಯೋಜನೆ ಬಂದರೂ, ಅದು ಅಘನಾಶಿನಿಯದ್ದಾಗಲಿ ಗೋದಾವರಿಯದ್ದಾಗಲಿ, ಎಷ್ಟು ಟಿಎಂಸಿ ಎಂದು ಕೇಳಿ ಸುಮ್ಮನಾಗಬಾರದು. ಯಾವ ತಿಂಗಳಲ್ಲಿ ಎಷ್ಟು ಎಂದು ಕೇಳಬೇಕು. ಆ ತಿಂಗಳಲ್ಲಿ ಅಳಿವೆಯ ಉಪ್ಪು ಎಲ್ಲಿಯವರೆಗೆ ಏರುತ್ತದೆ, ಅಲ್ಲಿ ಏನು ಮರಿ ಮಾಡುತ್ತಿರುತ್ತದೆ, ಅದನ್ನು ನಂಬಿದವರು ಎಷ್ಟು ಜನ ಎಂಬುದಕ್ಕೂ ಅದೇ ವರದಿಯಲ್ಲಿ ಉತ್ತರ ಇರಬೇಕು. ಕೊಲ್ಕತ್ತ, ಕಾಕಿನಾಡ, ಕಾರವಾರ ಎಲ್ಲಿಯ ಅಳಿವೆಗಾದರೂ ಈ ಪ್ರಶ್ನೆ ಒಂದೇ.

ಈ ರಜೆಯಲ್ಲಿ ಗೋಕರ್ಣಕ್ಕೋ ಕುಮಟಾಕ್ಕೋ ಹೋಗುವವರಿದ್ದರೆ ಒಂದು ಕೋರಿಕೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರದ ದಿನ ನೋಡಿ, ಇಳಿತದ ವೇಳೆ ಊರವರನ್ನು ಕೇಳಿ ತಿಳಿದು, ಮಕ್ಕಳನ್ನು ಬಂಡೆಗಳ ಬಳಿ ಕರೆದುಕೊಂಡು ಹೋಗಿ. ಕಾಲಿಗೆ ಹಿಡಿತವಿರುವ ಚಪ್ಪಲಿ ಇರಲಿ, ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ಕುಳಿಯ ನೀರಿನ ಮುಂದೆ ಹತ್ತು ನಿಮಿಷ ಸದ್ದಿಲ್ಲದೆ ಕೂತರೆ ಮೊದಲು ಸನ್ಯಾಸಿ ಏಡಿ ನಡೆದಾಡಲು ಶುರುಮಾಡುತ್ತದೆ, ಆಮೇಲೆ ಒಂದೊಂದಾಗಿ ಉಳಿದವು. ಕಲ್ಲು ಎತ್ತಿ ನೋಡಿದರೆ ಅದು ಇದ್ದ ಹಾಗೆಯೇ ತಿರುಗಿ ಇಡಿ. ಅದರ ಅಡಿಯಲ್ಲಿ ಒಂದು ಸಂಸಾರ ಇರುತ್ತದೆ.